ಕುದಿಸುವ ಮೊದಲು

ಕಡಲಕಳೆ ಎಂದರೆ ಕರಾವಳಿಯವರ ಕಾಲಿಗೆ ತೊಡರುವ ಪಾಚಿ, ಒಳನಾಡಿನವರು ಕಾಣದ ವಸ್ತು ಎಂಬ ಭಾವನೆ ನಮ್ಮಲ್ಲಿದೆ. ನಿಜದಲ್ಲಿ ಅದು ಎಲ್ಲರ ಮನೆಯನ್ನೂ ಹೊಕ್ಕಿದೆ. ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಕೇಳಿ ತರುವ ಬಿಳಿ ಎಳೆಗಳು, ಐಸ್‌ಕ್ರೀಮು ಬೇಗ ಹರಳುಗಟ್ಟದಂತೆ ಹಿಡಿದಿಡುವ ಅಂಟು, ಹಲ್ಲುಜ್ಜುವ ಪೇಸ್ಟಿಗೆ ಹದ ಕೊಡುವ ಲೋಳೆ, ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರೋಗಾಣು ಬೆಳೆಸುವ ತಟ್ಟೆಯ ತಳ, ಇವೆಲ್ಲ ಕಡಲಕಳೆಯಿಂದ ಬಂದವು. ಅಗರ್, ಕ್ಯಾರಜೀನನ್, ಆಲ್ಜಿನೇಟ್ ಎಂದು ಇವಕ್ಕೆ ಹೆಸರು. ಮೂರೂ ಸಕ್ಕರೆಯ ಅಣುಗಳು ಸಾಲಾಗಿ ಕೂಡಿ ಆದ ಉದ್ದನೆಯ ಸರಪಣಿಗಳು. ಜಗತ್ತಿನ ಎಷ್ಟೋ ಕಡಲಕಳೆ ಕಾರ್ಖಾನೆಗಳು ನಡೆಯುವುದು ಇವಕ್ಕಾಗಿಯೇ.

ಇವನ್ನು ತೆಗೆಯುವ ಕ್ರಮ ಸರಳ. ಕಳೆಯನ್ನು ಬಿಸಿಲಲ್ಲಿ ಒಣಗಿಸುತ್ತಾರೆ, ತೊಳೆಯುತ್ತಾರೆ, ಕ್ಷಾರದಲ್ಲಿ ಹಾಕುತ್ತಾರೆ, ಗಂಟೆಗಟ್ಟಲೆ ಕುದಿಸುತ್ತಾರೆ, ಸೋಸುತ್ತಾರೆ. ಲೋಳೆ ಕೈಗೆ ಬರುತ್ತದೆ. ಆದರೆ ಆ ಕಳೆಯಲ್ಲಿದ್ದ ಪ್ರೋಟೀನು ಅಷ್ಟರಲ್ಲಿ ಹಾಳಾಗಿ ತೊಳೆನೀರಿನ ಜೊತೆ ಹೊರಟುಹೋಗಿರುತ್ತದೆ. ಈ ಹೊರಟುಹೋಗುವ ಪದಾರ್ಥದಲ್ಲಿ ಉರಿಯೂತಕ್ಕೆ, ರಕ್ತದೊತ್ತಡಕ್ಕೆ, ವೈರಸ್ಸಿಗೆ ಎದುರು ನಿಲ್ಲಬಲ್ಲ ಮದ್ದಿನ ಗುಣವಿದೆ ಎಂದು ಕಳೆದ ಕೆಲವು ದಶಕಗಳ ಸಂಶೋಧನೆ ತೋರಿಸುತ್ತ ಬಂದಿದೆ. ಇವತ್ತು ನಾನು ಹೇಳಹೊರಟಿರುವುದು ಅದನ್ನೇ.

ಕಡಲಕಳೆಯಲ್ಲಿ ಹಸಿರು, ಕಂದು, ಕೆಂಪು ಎಂದು ಮೂರು ಬಳಗಗಳು. ಪ್ರೋಟೀನಿನ ಲೆಕ್ಕದಲ್ಲಿ ಕೆಂಪು ಬಳಗವೇ ಸಿರಿವಂತ. ಜಪಾನೀಯರು ಅನ್ನದ ಉಂಡೆಗೆ ಸುತ್ತುವ ನೋರಿ ಎಂಬ ಕೆಂಪು ಕಳೆಯ ಒಣತೂಕದಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಪ್ರೋಟೀನು ಇರಬಲ್ಲದು. ನಮ್ಮ ಬೇಳೆಕಾಳುಗಳಲ್ಲಿ ಇರುವುದು ನೂರಕ್ಕೆ 20ರಿಂದ 25. ಕಂದು ಕಳೆಗಳಲ್ಲಿ ಇದು ತೀರ ಕಡಿಮೆ. ಋತುವಿಗೆ ತಕ್ಕಂತೆ ಪ್ರಮಾಣವೂ ಏರಿಳಿಯುತ್ತದೆ.

ಈ ಪ್ರೋಟೀನುಗಳಲ್ಲಿ ಒಂದನ್ನು ಬರಿಗಣ್ಣಿನಿಂದಲೇ ನೋಡಬಹುದು. ಈಗ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲೂ ನೋರಿಯ ಹಾಳೆ ಸಿಗುತ್ತದೆ. ಹುರಿಯದ ಹಾಳೆ ಕಪ್ಪು ನೇರಳೆ ಬಣ್ಣದ್ದು. ಅದನ್ನು ಸಣ್ಣ ಉರಿಯ ಮೇಲೆ ಒಂದೆರಡು ಬಾರಿ ಆಡಿಸಿದರೆ ಸಾಕು, ನೋಡನೋಡುತ್ತಲೇ ನೇರಳೆ ಮಾಯವಾಗಿ ಹಾಳೆ ಹಸಿರಾಗುತ್ತದೆ. ಹಸಿರು ಹೊಸದಾಗಿ ಬಂದದ್ದಲ್ಲ, ಮೊದಲೇ ಇತ್ತು. ಅದನ್ನು ಮುಚ್ಚಿಕೊಂಡಿದ್ದ ಕೆಂಪು ಬಣ್ಣದ ಪ್ರೋಟೀನು ಬಿಸಿಗೆ ಕೆಟ್ಟಿತು, ಅಷ್ಟೆ. ಅದರ ಹೆಸರು ಫೈಕೋಎರಿಥ್ರಿನ್. ಹಸಿ ಕೆಂಪು ಕಳೆಯನ್ನು ಅರೆದು ತಣ್ಣೀರಲ್ಲಿ ನೆನೆಸಿಟ್ಟರೆ ಇದೇ ಪ್ರೋಟೀನು ನೀರಿಗಿಳಿದು ನೀರು ಗುಲಾಬಿಯಾಗುತ್ತದೆ. ಆ ನೀರಿನ ಮೇಲೆ ನೇರಳಾತೀತ ದೀಪ ಹಿಡಿದರೆ ಕಿತ್ತಳೆಯಾಗಿ ಬೆಳಗುತ್ತದೆ. ಸಮುದ್ರದಲ್ಲಿ ಇದಕ್ಕೊಂದು ಕೆಲಸವಿದೆ. ಸೂರ್ಯನ ಬೆಳಕು ನೀರಿಗಿಳಿದಾಗ ಅದರ ಕೆಂಪು ಭಾಗವನ್ನು ಮೇಲಿನ ನೀರೇ ನುಂಗಿಬಿಡುತ್ತದೆ, ಆಳಕ್ಕೆ ತಲುಪುವುದು ನೀಲಿ ಮತ್ತು ಹಸಿರು. ಆ ಉಳಿದ ಹಸಿರು ಬೆಳಕನ್ನು ಹಿಡಿದು ಗಿಡಕ್ಕೆ ಉಣಿಸುವುದು ಈ ಪ್ರೋಟೀನು.

ವೈದ್ಯಕೀಯಕ್ಕೆ ಇದು ಆಗಲೇ ಬಂದುಬಿಟ್ಟಿದೆ. 1982ರಲ್ಲಿ ಅಮೆರಿಕದ ವಿಜ್ಞಾನಿಗಳು ಫೈಕೋಎರಿಥ್ರಿನ್‌ನಂಥ ಪಾಚಿಯ ಬಣ್ಣದ ಪ್ರೋಟೀನುಗಳನ್ನು ಪ್ರತಿಕಾಯಗಳಿಗೆ ಜೋಡಿಸಿ, ರಕ್ತದ ಒಂದೊಂದು ಜೀವಕೋಶವನ್ನೂ ಅದರ ಹೊಳಪಿನಿಂದ ಗುರುತಿಸಬಹುದೆಂದು ತೋರಿಸಿದರು. ಎಚ್‌ಐವಿ ಸೋಂಕಿತರಿಗೆ ಮಾಡುವ ಸಿಡಿ4 ಎಂಬ ಬಿಳಿರಕ್ತಕಣಗಳ ಎಣಿಕೆಯ ಬಗ್ಗೆ ನೀವು ಕೇಳಿರಬಹುದು. ಆ ಎಣಿಕೆಯ ಯಂತ್ರಗಳಲ್ಲಿ ಲೋಕವೆಲ್ಲ ಬಳಸಿದ ಬಣ್ಣಗಳಲ್ಲಿ ಇದು ಮುಖ್ಯವಾದದ್ದು. ಎಷ್ಟೋ ರೋಗಿಗಳಿಗೆ ಯಾವಾಗ ಮಾತ್ರೆ ಶುರು ಮಾಡಬೇಕು ಎಂಬ ತೀರ್ಮಾನ ಕೆಂಪು ಕಡಲಕಳೆಯ ಈ ಹೊಳಪಿನ ಆಧಾರದ ಮೇಲೆ ಆಗಿದೆ ಎಂಬುದು ನನಗೆ ಇವತ್ತಿಗೂ ಮೈನವಿರೇಳಿಸುವ ಸಂಗತಿ.

ಇದರ ಹತ್ತಿರದ ನೆಂಟ ಫೈಕೋಸಯನಿನ್, ನೀಲಿ ಬಣ್ಣದ್ದು. ಸ್ಪಿರುಲಿನಾದಲ್ಲಿ ಹೇರಳವಾಗಿದೆ. ಸ್ಪಿರುಲಿನಾ ಕಡಲಕಳೆಯಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ನೀಲಿಹಸಿರು ಜೀವಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅದನ್ನು ಕೊಳಗಳಲ್ಲಿ ಬೆಳೆಸುವ ವಿಧಾನ ರೂಪಿಸಿ, ಮಕ್ಕಳಿಗೆ ಚಿಕ್ಕಿಯನ್ನೂ ಮಾಡಿಕೊಟ್ಟದ್ದು ಹಲವರಿಗೆ ನೆನಪಿರಬಹುದು. 2000ದಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧಕರು ಈ ನೀಲಿ ಪ್ರೋಟೀನು ಉರಿಯೂತ ಹೆಚ್ಚಿಸುವ ಕಾಕ್ಸ್-2 ಎಂಬ ಕಿಣ್ವವನ್ನು ಆರಿಸಿ ತಡೆಯುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡುಕೊಂಡರು. ನೋವು ನಿವಾರಕ ಮಾತ್ರೆಗಳು ಗುರಿಯಿಡುವುದೂ ಆ ಕಿಣ್ವದ ಮೇಲೆಯೇ.

ಉರಿಯೂತ ಎಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ಕೆಂಪಾಗುವುದು, ಬಿಸಿಯಾಗುವುದು, ಊದಿಕೊಳ್ಳುವುದು, ನೋಯುವುದು, ಈ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ ಎರಡು ಸಾವಿರ ವರ್ಷದ ಹಿಂದೆಯೇ ಬರೆದಿಟ್ಟಿದ್ದಾನೆ. ಕಾಲಿಗೆ ಮುಳ್ಳು ಚುಚ್ಚಿತೆನ್ನಿ. ಆ ಜಾಗಕ್ಕೆ ಬಿಳಿರಕ್ತಕಣಗಳು ಬರಬೇಕು. ಆದರೆ ಅವು ರಭಸವಾಗಿ ಹರಿಯುವ ರಕ್ತದೊಳಗಿವೆ. ಓಡುತ್ತಿರುವ ತುಂಬಿದ ಬಸ್ಸಿನಲ್ಲಿ ತನ್ನ ನಿಲ್ದಾಣಕ್ಕೆ ಇಳಿಯಬೇಕಾದವನು ಒಂದೊಂದೇ ಕಂಬಿ ಹಿಡಿಯುತ್ತ ಬಾಗಿಲಿಗೆ ಬರುವುದಿಲ್ಲವೇ, ಹಾಗೆ ಬಿಳಿರಕ್ತಕಣ ರಕ್ತನಾಳದ ಗೋಡೆಯನ್ನು ಹಿಡಿದು ಬಿಟ್ಟು ಹಿಡಿದು ಬಿಟ್ಟು ಉರುಳುತ್ತ ವೇಗ ತಗ್ಗಿಸಿ, ನಿಂತು, ಗೋಡೆಯ ಸಂದಿನಲ್ಲಿ ನುಸುಳಿ ಹೊರಬರುತ್ತದೆ. ಈ ಹಿಡಿತ ನಡೆಯುವುದು ಸಕ್ಕರೆಯ ಮೂಲಕ. ಬಿಳಿರಕ್ತಕಣದ ಮೈಮೇಲೆ ಸಕ್ಕರೆಯ ಸಣ್ಣ ಸಣ್ಣ ಕವಲುಗಳಿವೆ. ಗೋಡೆಯ ಮೇಲೆ ಆ ಕವಲನ್ನು ಹಿಡಿಯುವ ಸೆಲೆಕ್ಟಿನ್ ಎಂಬ ಪ್ರೋಟೀನುಗಳಿವೆ.

ಗಾಯ ಮಾಯುವುದು ಇದರಿಂದಲೇ. ಆದರೆ ಸಂಧಿವಾತದಲ್ಲಿ ಮುಳ್ಳಿಲ್ಲ, ಗಾಯವಿಲ್ಲ, ಆದರೂ ಕಣಗಳು ಕೀಲಿನೊಳಗೆ ಬರುತ್ತಲೇ ಇರುತ್ತವೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲಾಗದ ಅಜ್ಜಿಯಂದಿರನ್ನು ಎಲ್ಲರೂ ಕಂಡಿದ್ದೇವೆ. ಅವರಿಗೆ ಕೊಡುವ ನೋವಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಸೋಲಬಹುದು. ಬೇರೆ ದಾರಿಯ ಮದ್ದಿಗಾಗಿ ಹುಡುಕಾಟ ನಡೆದಿರುವುದು ಆ ಕಾರಣಕ್ಕೆ.

ಸಕ್ಕರೆಯ ಕವಲನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳಿಗೆ ಲೆಕ್ಟಿನ್ ಎನ್ನುತ್ತಾರೆ. ಇದರ ಚರಿತ್ರೆ ನಮ್ಮ ಹಿತ್ತಿಲಲ್ಲೇ ಬೆಳೆಯುವ ಹರಳಿನಿಂದ ಶುರುವಾಗುತ್ತದೆ. 1888ರಲ್ಲಿ ಸ್ಟಿಲ್‌ಮಾರ್ಕ್ ಎಂಬ ವಿದ್ಯಾರ್ಥಿ, ಈಗಿನ ಎಸ್ಟೋನಿಯಾದಲ್ಲಿ, ಹರಳುಬೀಜದ ಸಾರ ರಕ್ತವನ್ನು ಮುದ್ದೆಗಟ್ಟಿಸುವುದನ್ನು ಗಮನಿಸಿದ. ಆಮೇಲೆ ಅವರೆ, ಕಡಲೆಕಾಯಿ, ಹಲಸಿನ ಬೀಜ ಎಲ್ಲದರಲ್ಲೂ ಇಂಥ ಪ್ರೋಟೀನುಗಳು ಸಿಕ್ಕವು. ಕಡಲಕಳೆಯ ಸರದಿ ಬಂದದ್ದು 1966ರಲ್ಲಿ. ಅಮೆರಿಕದ ವಿಲಿಯಂ ಬಾಯ್ಡ್ ಮತ್ತು ಸಂಗಡಿಗರು ಪೋರ್ಟೊ ರಿಕೊ ತೀರದ ಕಳೆಗಳ ಸಾರವನ್ನು ಮನುಷ್ಯರ ಕೆಂಪು ರಕ್ತಕಣಗಳ ಮೇಲೆ ಪರೀಕ್ಷಿಸಿ, ಕೆಲವು ಕಳೆಗಳು ಅವನ್ನು ಗುಂಪುಗಟ್ಟಿಸುತ್ತವೆ ಎಂದು ವರದಿ ಮಾಡಿದರು. ನೆಲದ ಗಿಡಗಳ ಲೆಕ್ಟಿನ್‌ಗಳಿಗಿಂತ ಕಡಲಕಳೆಯವು ಸಾಮಾನ್ಯವಾಗಿ ಗಾತ್ರದಲ್ಲಿ ಚಿಕ್ಕವು. ಬಿಡಿ ಸಕ್ಕರೆಗೆ ಸೊಪ್ಪು ಹಾಕುವುದಿಲ್ಲ, ಇಡೀ ಕವಲಿನ ಆಕಾರ ನೋಡಿ ಹಿಡಿಯುತ್ತವೆ. ಮದ್ದಿನ ದೃಷ್ಟಿಯಿಂದ ಇದು ಒಳ್ಳೆಯ ಗುಣ.

ಉರಿಯೂತದ ಮೇಲೆ ಇವುಗಳ ಪರಿಣಾಮವನ್ನು ಪಟ್ಟುಹಿಡಿದು ಅಭ್ಯಾಸ ಮಾಡಿದವರು ಬ್ರೆಜಿಲ್ ದೇಶದ ಫೋರ್ಟಲೇಜಾ ನಗರದ ವಿಜ್ಞಾನಿಗಳು. ಅವರೂರಿನ ತೀರದಲ್ಲಿ ಬೆಳೆಯುವ ಹಿಪ್ನಿಯಾ, ಬ್ರಯೊಥ್ಯಾಮ್ನಿಯಾನ್ ಎಂಬ ಕೆಂಪು ಕಳೆಗಳು, ಕಾಲರ್ಪಾ ಎಂಬ ಹಸಿರು ಕಳೆ, ಇವುಗಳಿಂದ ಲೆಕ್ಟಿನ್ ಬೇರ್ಪಡಿಸಿ ಇಲಿಗಳ ಮೇಲೆ ಪರೀಕ್ಷಿಸಿದರು. ನೋವು ತಗ್ಗಿತು, ಊತ ತಗ್ಗಿತು, ಬಾವು ಬಂದ ಜಾಗಕ್ಕೆ ನುಗ್ಗುವ ನ್ಯೂಟ್ರೊಫಿಲ್ ಎಂಬ ಬಿಳಿರಕ್ತಕಣಗಳ ಸಂಖ್ಯೆ ತಗ್ಗಿತು. ಕಾರಣವೇನಿರಬಹುದು? ಕಳೆಯ ಲೆಕ್ಟಿನ್ ಸಕ್ಕರೆಯ ಕವಲುಗಳನ್ನು ಮೊದಲೇ ಆವರಿಸಿಕೊಂಡರೆ ಗೋಡೆಯ ಸೆಲೆಕ್ಟಿನ್ನಿಗೆ ಹಿಡಿಯಲು ಜಾಗ ಸಿಗುವುದಿಲ್ಲ, ಕಣ ಇಳಿಯಲಾರದೆ ರಕ್ತದ ಜೊತೆ ಮುಂದೆ ಹೋಗುತ್ತದೆ ಎಂಬುದು ಅವರ ಊಹೆ. ಊಹೆಯನ್ನು ಬಲಪಡಿಸುವ ಒಂದು ಜಾಣ ಪರೀಕ್ಷೆಯನ್ನೂ ಮಾಡಿದರು. ಹಿಪ್ನಿಯಾದ ಲೆಕ್ಟಿನ್ನಿಗೆ ಮ್ಯೂಸಿನ್ ಎಂಬ, ಸಕ್ಕರೆಯ ಕವಲು ತುಂಬಿದ ಪದಾರ್ಥವೆಂದರೆ ಪ್ರಿಯ. ಎರಡನ್ನೂ ಮೊದಲೇ ಬೆರೆಸಿ ಇಲಿಗೆ ಕೊಟ್ಟಾಗ ಮದ್ದಿನ ಪರಿಣಾಮ ಇಲ್ಲವಾಯಿತು. ಅಂದರೆ ಕೆಲಸ ಮಾಡುತ್ತಿದ್ದುದು ಸಕ್ಕರೆ ಹಿಡಿಯುವ ಆ ಅಂಗವೇ. ಹಿಪ್ನಿಯಾ ಕುಲದ ಕಳೆಗಳು ನಮ್ಮ ಅರಬ್ಬೀ ಕಡಲಿನ ಬಂಡೆಗಳ ಮೇಲೂ ಬೆಳೆಯುತ್ತವೆ.

ಈ ಪರೀಕ್ಷೆಗಳಲ್ಲಿ ಇಲಿಯ ಪಾದಕ್ಕೆ ಊತ ಬರಿಸುವುದು ಹೇಗೆ ಗೊತ್ತೆ? ಕ್ಯಾರಜೀನನ್ನಿಂದ. ಹೌದು, ಅದೇ ಕೆಂಪು ಕಡಲಕಳೆಯ ಲೋಳೆಯಿಂದ. 1962ರಲ್ಲಿ ವಿಂಟರ್, ರಿಸ್ಲಿ ಮತ್ತು ನಸ್ ಎಂಬ ಮೂವರು ಅಮೆರಿಕದಲ್ಲಿ ಈ ವಿಧಾನವನ್ನು ರೂಪಿಸಿದರು. ನೂರಕ್ಕೆ ಒಂದರಷ್ಟು ಕ್ಯಾರಜೀನನ್ ಇರುವ ದ್ರಾವಣವನ್ನು ಒಂದು ತೊಟ್ಟಿನಷ್ಟು ಹಿಂಗಾಲಿನ ಪಾದಕ್ಕೆ ಚುಚ್ಚಿದರೆ ಕೆಲವೇ ಗಂಟೆಗಳಲ್ಲಿ ಪಾದ ಊದಿಕೊಳ್ಳುತ್ತದೆ. ಹೊಸ ಮದ್ದನ್ನು ಮೊದಲೇ ಕೊಟ್ಟಿದ್ದರೆ ಊತ ಎಷ್ಟು ತಗ್ಗಿತು ಎಂದು ಅಳೆಯುತ್ತಾರೆ. ಇವತ್ತಿಗೂ ನೋವಿನ ಮದ್ದುಗಳ ಮೊದಲ ಪರೀಕ್ಷೆ ಎಷ್ಟೋ ಕಡೆ ಇದೇ. ಒಂದೇ ಬಳಗದ ಕಳೆಯ ಸಕ್ಕರೆ ಊತ ತರುತ್ತದೆ, ಪ್ರೋಟೀನು ಅದೇ ಊತವನ್ನು ಇಳಿಸುತ್ತದೆ. ಆದ್ದರಿಂದ ಕಡಲಕಳೆ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಾದರೂ ಕೇಳಿದರೆ, ಯಾವ ಕಳೆ, ಅದರ ಯಾವ ಭಾಗ, ಯಾವ ದಾರಿಯಿಂದ ದೇಹಕ್ಕೆ ಎಂದು ಮರುಪ್ರಶ್ನೆ ಕೇಳಲೇಬೇಕು.

ಕಡಲಕಳೆಯ ಲೆಕ್ಟಿನ್‌ಗಳಲ್ಲಿ ಅತಿ ದೂರ ನಡೆದು ಬಂದದ್ದು ಗ್ರಿಫಿತ್ಸಿನ್, ಇದರ ಗುರಿ ಉರಿಯೂತವಲ್ಲ, ವೈರಸ್ಸು. ಹೆಸರಿನ ಹಿಂದೆ ಒಬ್ಬ ಹೆಣ್ಣುಮಗಳಿದ್ದಾಳೆ. ಅಮೆಲಿಯಾ ಗ್ರಿಫಿತ್ಸ್, ಇಂಗ್ಲೆಂಡಿನ ಡೆವನ್ ತೀರದಲ್ಲಿದ್ದವಳು. ಗಂಡ ತೀರಿಕೊಂಡ ಮೇಲೆ ಐವರು ಮಕ್ಕಳನ್ನು ಸಾಕುತ್ತ, ಇಳಿತದ ಹೊತ್ತಿಗೆ ಬಂಡೆಗಳ ನಡುವೆ ಕಳೆ ಆಯ್ದು, ಒತ್ತಿ ಒಣಗಿಸಿ, ವಿದ್ವಾಂಸರಿಗೆ ಕಳಿಸುತ್ತಿದ್ದಳು. ಸ್ವೀಡನ್ನಿನ ಸಸ್ಯವಿಜ್ಞಾನಿ ಆಗಾರ್ಡ್ 1817ರಲ್ಲಿ ಒಂದು ಕೆಂಪು ಕಳೆಯ ಕುಲಕ್ಕೆ ಅವಳ ಹೆಸರಿಟ್ಟ. ಸುಮಾರು ಎರಡು ಶತಮಾನದ ಮೇಲೆ, 2005ರಲ್ಲಿ, ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವಿಜ್ಞಾನಿಗಳು ನ್ಯೂಜಿಲೆಂಡಿನ ಕಡಲಿನಿಂದ ತಂದ ಆ ಕುಲದ ಕಳೆಯಲ್ಲಿ ಎಚ್‌ಐವಿಯನ್ನು ಅತ್ಯಂತ ಕಡಿಮೆ ಪ್ರಮಾಣದಲ್ಲೇ ತಡೆಯುವ ಪ್ರೋಟೀನನ್ನು ಕಂಡರು. 121 ಅಮೈನೊ ಆಮ್ಲಗಳ ಸಣ್ಣ ಪ್ರೋಟೀನು. ಎರಡೆರಡು ಅಣುಗಳು ಒಂದರ ತುದಿ ಇನ್ನೊಂದರೊಳಗೆ ಹೆಣೆದುಕೊಂಡು ಜೋಡಿಯಾಗಿರುತ್ತವೆ. ಜೋಡಿಗೆ ಒಟ್ಟು ಆರು ಹಿಡಿತಗಳು, ಆರೂ ಹಿಡಿಯುವುದು ಮ್ಯಾನೋಸ್ ಎಂಬ ಸಕ್ಕರೆಯನ್ನು. ಎಚ್‌ಐವಿಯ ಹೊರಮೈ ಮ್ಯಾನೋಸಿನ ಕವಲುಗಳಿಂದ ತುಂಬಿದೆ. ನಮ್ಮ ಆರೋಗ್ಯವಂತ ಜೀವಕೋಶಗಳು ಅಂಥ ಕವಲನ್ನು ಹೊರಗೆ ಚಾಚುವುದು ಅಪರೂಪ. ಹಾಗಾಗಿ ಪ್ರೋಟೀನು ವೈರಸ್ಸಿಗೆ ಮೆತ್ತಿಕೊಳ್ಳುತ್ತದೆ, ನಮ್ಮ ಕೋಶಗಳನ್ನು ಬಹುಪಾಲು ಬಿಟ್ಟುಬಿಡುತ್ತದೆ. ಸಾರ್ಸ್ ವೈರಸ್ಸಿನ ಮೇಲೂ ಅದು ಕೆಲಸ ಮಾಡುವುದು ಮುಂದೆ ತಿಳಿಯಿತು.

ನಮ್ಮ ನಾಡಿಗೆ ಸಂಬಂಧಪಟ್ಟ ಒಂದು ವಿಷಯವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಹಲಸಿನ ಬೀಜದಲ್ಲಿ ಜಾಕಲಿನ್ ಎಂಬ ಲೆಕ್ಟಿನ್ ಇದೆ. ಅದರ ಅಣುವಿನ ರಚನೆಯನ್ನು ಬಿಡಿಸಿ ತೋರಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಪ್ರೊಫೆಸರ್ ಎಂ. ವಿಜಯನ್ ಅವರ ತಂಡ, 1996ರಲ್ಲಿ. ಪ್ರೋಟೀನಿನ ಎಳೆಗಳು ಮೂರು ಮುಖದ ಪಟ್ಟಕದ ಆಕಾರದಲ್ಲಿ ಮಡಚಿಕೊಂಡು ಸಕ್ಕರೆ ಹಿಡಿಯುವ ಬಗೆ ಲೆಕ್ಟಿನ್‌ಗಳಲ್ಲಿ ಮೊದಲ ಬಾರಿಗೆ ಕಂಡದ್ದು ಅಲ್ಲಿ. ಹತ್ತು ವರ್ಷದ ನಂತರ ಗ್ರಿಫಿತ್ಸಿನ್ನಿನ ರಚನೆ ತಿಳಿದಾಗ ನೋಡಿದರೆ, ಅದೂ ಜಾಕಲಿನ್ ಮನೆತನದ್ದೇ, ಅದೇ ಮೂರು ಮುಖದ ಮಡಿಕೆ. ಮಲೆನಾಡಿನ ಹಲಸೂ ನ್ಯೂಜಿಲೆಂಡಿನ ಕಡಲಕಳೆಯೂ ಸಕ್ಕರೆ ಹಿಡಿಯಲು ಒಂದೇ ವಿನ್ಯಾಸವನ್ನು ಬಳಸುತ್ತಿವೆ.

ಕಳೆಯಲ್ಲಿ ಸಿಗುವ ಗ್ರಿಫಿತ್ಸಿನ್ ಅಲ್ಪ. ಅದಕ್ಕಾಗಿ ಸಮುದ್ರವನ್ನು ಬರಿದು ಮಾಡುವುದು ಸಾಧ್ಯವೂ ಅಲ್ಲ, ಸರಿಯೂ ಅಲ್ಲ. ವಿಜ್ಞಾನಿಗಳು ಅದರ ಜೀನನ್ನು ತಂಬಾಕಿಗೆ ತಗಲುವ ಒಂದು ವೈರಸ್ಸಿನೊಳಗೆ ಸೇರಿಸಿ, ಆ ವೈರಸ್ಸನ್ನು ತಂಬಾಕಿನ ಜಾತಿಯ ಗಿಡಗಳಿಗೆ ಸೋಂಕಿಸಿದರು. ಗಿಡ ತನ್ನ ಎಲೆಯಲ್ಲಿ ಕಡಲಕಳೆಯ ಪ್ರೋಟೀನನ್ನು ತಯಾರಿಸತೊಡಗಿತು. 2009ರ ವರದಿಯಂತೆ 5,000 ಚದರಡಿಯ ಒಂದು ಹಸಿರುಮನೆಯಿಂದ 60 ಗ್ರಾಂಗಿಂತ ಹೆಚ್ಚು ಶುದ್ಧ ಪ್ರೋಟೀನು ಸಿಕ್ಕಿತು. ಮೈಕ್ರೋಗ್ರಾಂಗಳಲ್ಲಿ ಕೆಲಸ ಮಾಡುವ ಪದಾರ್ಥಕ್ಕೆ ಅದು ದೊಡ್ಡ ರಾಶಿ. ತಂಬಾಕಿನಿಂದ ಕಾಯಿಲೆಯನ್ನಷ್ಟೇ ಕಂಡ ನಮಗೆ, ಅದರ ಎಲೆಯಲ್ಲಿ ಮದ್ದು ಬೆಳೆಯಬಹುದು ಎಂಬುದು ಭರವಸೆಯ ಮಾತು. ಹುಣಸೂರು, ಪಿರಿಯಾಪಟ್ಟಣದ ಕಡೆಯ ರೈತರು ಇದನ್ನು ಕಿವಿಗೊಟ್ಟು ಕೇಳಲಿ ಎಂದು ನನ್ನಾಸೆ.

ಹಾಗಾದರೆ ಅದು ಔಷಧಿ ಅಂಗಡಿಗೆ ಬಂದಿದೆಯೆ? ಇನ್ನೂ ಬಂದಿಲ್ಲ. ಹೆಣ್ಣುಮಕ್ಕಳು ಎಚ್‌ಐವಿ ಸೋಂಕಿನಿಂದ ತಮ್ಮನ್ನು ತಾವೇ ಕಾಪಾಡಿಕೊಳ್ಳಲು ಬಳಸಬಹುದಾದ ಮುಲಾಮಾಗಿ, ಗ್ರಿಫಿತ್ಸಿನ್ ಮತ್ತು ಕ್ಯಾರಜೀನನ್ ಎರಡನ್ನೂ ಸೇರಿಸಿ ಮಾಡಿದ ಜೆಲ್ ಆರೋಗ್ಯವಂತ ಮಹಿಳೆಯರಲ್ಲಿ ಮೊದಲ ಹಂತದ ಪರೀಕ್ಷೆ ದಾಟಿದೆ. ಈ ದಾರಿಯಲ್ಲಿ ಹಿಂದೊಮ್ಮೆ ಆದ ನಿರಾಸೆಯನ್ನೂ ಹೇಳಬೇಕು. ಕ್ಯಾರಜೀನನ್ ಒಂದನ್ನೇ ಜೆಲ್ ಮಾಡಿ ದಕ್ಷಿಣ ಆಫ್ರಿಕಾದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಹಿಳೆಯರಲ್ಲಿ ಪರೀಕ್ಷಿಸಿದ್ದರು. 2008ರಲ್ಲಿ ಫಲಿತಾಂಶ ಬಂತು. ಅಪಾಯವೇನೂ ಇರಲಿಲ್ಲ, ಆದರೆ ಸೋಂಕು ತಡೆಯಲಿಲ್ಲ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಗೆದ್ದದ್ದು ಮನುಷ್ಯರ ಬದುಕಿನಲ್ಲಿ ಗೆಲ್ಲಬೇಕೆಂದೇನಿಲ್ಲ. ಬ್ರೆಜಿಲ್ಲಿನ ಲೆಕ್ಟಿನ್‌ಗಳ ಕೆಲಸವಂತೂ ಇಲಿಗಳ ಮಟ್ಟದ್ದು. ಹೊರಗಿನ ಪ್ರೋಟೀನನ್ನು ಪದೇಪದೇ ಚುಚ್ಚಿದರೆ ದೇಹ ಅದರ ವಿರುದ್ಧವೇ ಪ್ರತಿಕಾಯ ಹುಟ್ಟಿಸಬಹುದು. ಕೆಲವು ಲೆಕ್ಟಿನ್‌ಗಳು ಉರಿಯೂತವನ್ನು ಇಳಿಸುವ ಬದಲು ಕೆರಳಿಸುತ್ತವೆ. ಸರಿಯಾಗಿ ಬೇಯದ ರಾಜ್ಮಾ ತಿಂದರೆ ವಾಂತಿಯಾಗುವುದೂ ಒಂದು ಲೆಕ್ಟಿನ್ನಿಂದಲೇ.

ತಿನ್ನುವ ಮಾತು ಬಂದದ್ದರಿಂದ ಹೇಳುತ್ತೇನೆ. ಪ್ರೋಟೀನು ಹೊಟ್ಟೆಗೆ ಹೋದರೆ ತುಂಡಾಗುತ್ತದೆ. ಕಡಲಕಳೆಯ ಪುಡಿ ನುಂಗಿದವರ ಕೀಲಿಗೆ ಲೆಕ್ಟಿನ್ ಹಾಗೇ ಹೋಗಿ ಸೇರುವುದಿಲ್ಲ. ಆದರೆ ಆ ತುಂಡುಗಳಲ್ಲೇ ಕೆಲವು ಕೆಲಸಕ್ಕೆ ಬರುತ್ತವೆ. ಐರ್ಲೆಂಡಿನಲ್ಲಿ ಡಲ್ಸ್ ಎಂಬ ಕೆಂಪು ಕಳೆಯನ್ನು ತಲೆಮಾರುಗಳಿಂದ ತಿನ್ನುತ್ತಾರೆ. ಅಲ್ಲಿಯ ಸಂಶೋಧಕರು ಅದರ ಪ್ರೋಟೀನನ್ನು ಪರಂಗಿಕಾಯಿಯ ಹಾಲಿನಲ್ಲಿರುವ ಪಪೈನ್ ಕಿಣ್ವದಿಂದ ಕತ್ತರಿಸಿದಾಗ, ರಕ್ತದೊತ್ತಡ ಏರಿಸುವ ರೆನಿನ್ ಎಂಬ ಕಿಣ್ವವನ್ನು ತಡೆಯುವ 13 ಅಮೈನೊ ಆಮ್ಲಗಳ ಒಂದು ತುಣುಕು ಸಿಕ್ಕಿತು. ಜಪಾನಿನಲ್ಲಿ ನೋರಿ ಮತ್ತು ವಾಕಾಮೆ ಕಳೆಗಳ ಇಂಥ ತುಣುಕುಗಳಿರುವ ಆಹಾರಗಳಿಗೆ, ರಕ್ತದೊತ್ತಡ ತುಸು ಹೆಚ್ಚಿರುವವರಿಗೆ ಹಿತ ಎಂದು ಹೇಳಿಕೊಳ್ಳಲು ಸರ್ಕಾರವೇ ಅನುಮತಿ ಕೊಟ್ಟಿದೆ. ಹಾಗೆಂದು ನಾವು ಪುಡಿಯ ಡಬ್ಬ ತಂದು ಚಮಚೆಗಟ್ಟಲೆ ತಿನ್ನುವುದು ಬೇಡ. ಕಡಲಕಳೆಯಲ್ಲಿ ಅಯೋಡಿನ್ ವಿಪರೀತವಿರಬಹುದು, ಥೈರಾಯ್ಡ್ ತೊಂದರೆಯಿರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಕೆಲವು ಕಂದು ಕಳೆಗಳು ಆರ್ಸೆನಿಕ್ ವಿಷವನ್ನೂ ಹೀರಿಕೊಂಡಿರುತ್ತವೆ.

ಇನ್ನು ನಮ್ಮ ದೇಶದ ಮಾತು. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕೀಲುನೋವಿಗಾಗಿ ಕಡಲಕಳೆಯ ಸಾರದ ಕ್ಯಾಪ್ಸೂಲನ್ನು ಆಗಲೇ ತಂದಿದೆ. ಅದು ಸಾರ, ಒಂದೇ ಪ್ರೋಟೀನನ್ನು ಬೇರ್ಪಡಿಸಿ ಮಾಡಿದ ಮದ್ದಲ್ಲ. ಪ್ರೋಟೀನಿನ ವಿಷಯದಲ್ಲಿ ದಾರಿ ತೋರಿಸಿದ್ದು ಗುಜರಾತಿನ ಭಾವನಗರದ ಕೇಂದ್ರೀಯ ಉಪ್ಪು ಮತ್ತು ಕಡಲ ರಾಸಾಯನಿಕ ಸಂಶೋಧನಾ ಸಂಸ್ಥೆ. ಒಂದೇ ಹಸಿ ಕೆಂಪು ಕಳೆಯಿಂದ ಮೊದಲು ಬಣ್ಣದ ಪ್ರೋಟೀನುಗಳನ್ನು, ಆಮೇಲೆ ಕೊಬ್ಬು ಮತ್ತು ಲವಣಗಳನ್ನು, ಆಮೇಲೆ ಅಗರನ್ನು, ಕೊನೆಗೆ ನಾರನ್ನು ಸಾಲಾಗಿ ತೆಗೆಯಬಹುದೆಂದು ಅಲ್ಲಿಯವರು ಮಾಡಿ ತೋರಿಸಿದ್ದಾರೆ. ಅಗರಿಗೆ ನಷ್ಟವಿಲ್ಲ, ಪ್ರೋಟೀನು ಲಾಭ. ಬೇಕಾದದ್ದು ಇಷ್ಟೇ: ಕುದಿಸುವ ಮೊದಲು ತಣ್ಣಗಿನ ಹದದಲ್ಲಿ ಪ್ರೋಟೀನನ್ನು ಇಳಿಸಿಕೊಳ್ಳಬೇಕು.

ತಮಿಳುನಾಡಿನ ಮನ್ನಾರ್ ಕೊಲ್ಲಿಯ ತೀರದಲ್ಲಿ, ಮಂಡಪಂ, ರಾಮೇಶ್ವರದ ಸುತ್ತಿನ ಹಳ್ಳಿಗಳಲ್ಲಿ, ಕಳೆ ಆಯುವವರು ಹೆಂಗಸರು. ಬೆರಳುಗಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು, ಕಣ್ಣಿಗೆ ಕನ್ನಡಕ ಕಟ್ಟಿ, ಉಸಿರು ಹಿಡಿದು ಮುಳುಗಿ ಹವಳದ ಕಲ್ಲಿಗೆ ಅಂಟಿದ ಕಳೆಯನ್ನು ಕೈಯಲ್ಲೇ ಕೀಳುತ್ತಾರೆ. ಕಳೆ ಮತ್ತೆ ಚಿಗುರಲಿ ಎಂದು ಲೋಹದ ಹತಾರ ಬಳಸದೆ, ತಿಂಗಳಲ್ಲಿ ಇಷ್ಟೇ ದಿನ ಎಂದು ತಾವೇ ಕಟ್ಟುಪಾಡು ಹಾಕಿಕೊಂಡಿದ್ದಾರೆ. ಅವರ ಮುಂದಾಳುಗಳಲ್ಲೊಬ್ಬರಾದ ಚಿನ್ನಪಾಲಂನ ಲಕ್ಷ್ಮಿ ಮೂರ್ತಿ ಅವರಿಗೆ 2015ರಲ್ಲಿ, ದ್ವೀಪಗಳ ಪರಿಸರ ಕಾಪಾಡಿದವರಿಗೆ ಕೊಡುವ ಸೀಕಾಲಜಿ ಪ್ರಶಸ್ತಿ ಬಂತು. ಇವರು ಆಯ್ದ ಕಳೆಯನ್ನು ಮರಳ ಮೇಲೆ ಹರವಿ ಒಣಗಿಸಿ, ತೂಕದ ಲೆಕ್ಕದಲ್ಲಿ ವ್ಯಾಪಾರಿಗೆ ಕೊಡುತ್ತಾರೆ. ಬಿಸಿಲಿಗೆ ಕೆಂಪು ಕಳೆ ಬಿಳಿಚಿಕೊಳ್ಳುತ್ತದೆ. ಬಿಳಿಚಿಕೊಂಡಿತು ಎಂದರೆ ಬಣ್ಣದ ಪ್ರೋಟೀನು ಅಲ್ಲೇ, ಆ ಮರಳ ಮೇಲೆಯೇ ಕೆಟ್ಟಿತು ಎಂದು ಅರ್ಥ. ಶುದ್ಧ ಫೈಕೋಎರಿಥ್ರಿನ್ ಔಷಧ ಸಂಸ್ಥೆಗಳು ಮಿಲಿಗ್ರಾಂ ಲೆಕ್ಕದಲ್ಲಿ ಕೊಳ್ಳುವ ದುಬಾರಿ ಸರಕು.

ಈ ಹಳ್ಳಿಗಳಿರುವ ರಾಮನಾಥಪುರಂ ಜಿಲ್ಲೆಯಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ಕಡಲಕಳೆ ಪಾರ್ಕು ಬರುತ್ತಿದೆ. ಬಿತ್ತನೆಯ ಸಸಿ, ಒಣಗಿಸುವ ಅಂಗಳ, ಲೋಳೆ ತೆಗೆಯುವ ಘಟಕಗಳ ಜೊತೆಗೆ ದಡದಲ್ಲೇ ಒಂದು ತಣ್ಣನೆಯ ಕೋಣೆ, ಹಸಿ ಕಳೆ ಅರೆಯುವ ಯಂತ್ರ, ಪ್ರೋಟೀನು ಇಳಿಸಿಕೊಳ್ಳುವ ತೊಟ್ಟಿ, ಇಷ್ಟನ್ನಾದರೂ ಅಲ್ಲಿ ಕೊಡಬೇಕು. ಬೆಳಿಗ್ಗೆ ಕಿತ್ತ ಕಳೆ ಮಧ್ಯಾಹ್ನದೊಳಗೆ ಆ ತೊಟ್ಟಿಗೆ ಸೇರಬೇಕು. ಅದರಿಂದ ಬರುವ ಹಣದಲ್ಲಿ ಮುಳುಗಿ ಕಿತ್ತವರಿಗೆ ಪಾಲು ಸಿಗುವ ಕರಾರು ಮೊದಲೇ ಆಗಬೇಕು, ಪ್ರೋಟೀನಿಗೆ ಪೇಟೆ ಸಿಕ್ಕ ಮೇಲೆ ಆ ಮಾತನ್ನು ಯಾರೂ ಎತ್ತಲಾರರು. ಕಾರವಾರ, ಗೋಕರ್ಣದ ಬಂಡೆಗಳಲ್ಲಿ ಯಾವ ಕಳೆಯ ಪ್ರೋಟೀನು ಯಾವ ತಿಂಗಳಲ್ಲಿ ಎಷ್ಟಿರುತ್ತದೆ ಎಂದು ವರ್ಷಪೂರ್ತಿ ಅಳೆದು ಬರೆದಿಡುವ ಕೆಲಸವನ್ನು ನಮ್ಮ ಕರಾವಳಿಯ ಕಾಲೇಜುಗಳ ವಿದ್ಯಾರ್ಥಿಗಳು ಮಳೆಗಾಲ ಮುಗಿಯುತ್ತಲೇ ಶುರು ಮಾಡಬಹುದು. ಅದಕ್ಕೆ ಬೇಕಾದ ಉಪಕರಣಗಳು ಬಹುತೇಕ ಪ್ರಯೋಗಾಲಯಗಳಲ್ಲಿ ಈಗಾಗಲೇ ಇವೆ.